ಸೇತುವೆಯ ಬಳಿಯ ನಾಲ್ಕು ನಿಮಿಷ

ಕ್ಯಾಬಿನ್ನಿನ ಕಿಂಡಿಯಿಂದ ಬಗ್ಗಿ ನೋಡಿದ ಶಿವರುದ್ರಸ್ವಾಮಿಗೆ ಮೊದಲು ಕಂಡದ್ದು ಒಂದು ಟವೆಲ್ಲು. ಹಸಿರು ಅಂಚಿನ ಬಿಳಿ ಟವೆಲ್ಲು. ಅಂಥದು ಕೊಳ್ಳೇಗಾಲದಲ್ಲಿ ಸಾವಿರ ಇರಬಹುದು, ಆದರೆ ಕೂರುವ ಮುಂಚೆ ಅದರಿಂದ ಕುರ್ಚಿಯನ್ನು ಎರಡು ಸಲ ಬಡಿದು, ಮತ್ತೆ ನಾಲ್ಕು ಮಡಿಕೆ ಮಾಡಿ ಎಡಹೆಗಲಿಗೆ ಹಾಕಿಕೊಳ್ಳುವ ಮನುಷ್ಯ ಒಬ್ಬನೇ. ಅಪ್ಪ ಬಂದಿದ್ದ. ಮ್ಯಾಟಿನಿಗೆ ಇನ್ನೂ ಹತ್ತು ನಿಮಿಷವಿತ್ತು, ಫ್ಯಾನುಗಳು ಸುಮ್ಮನೆ ಗಾಳಿಯನ್ನು ಕದಡುತ್ತಿದ್ದವು, ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ ಧೂಳು ನಿಧಾನವಾಗಿ ಏಳುತ್ತಿತ್ತು. ಮಗ ಈ ಟಾಕೀಸಿನಲ್ಲಿ ಆಪರೇಟರನಾಗಿ ಹತ್ತು ವರ್ಷವಾದರೂ ಇದರ ಮೆಟ್ಟಿಲು ತುಳಿಯದಿದ್ದ ಮುದುಕ, ಯಾವತ್ತೂ ಇಲ್ಲಿಗೇ ಬರುತ್ತಿದ್ದವನ ಹಾಗೆ ಬಲಗಡೆಯ ಸಾಲಿನ ತುದಿಯ ಕುರ್ಚಿಯನ್ನು ಹುಡುಕಿಕೊಂಡು ಹೋಗಿ ಕುಳಿತುಬಿಟ್ಟಿದ್ದ. ಬಸ್ಸಿನ ಡ್ರೈವರಾಗಿದ್ದವನಿಗೆ ಬಲಗಡೆ ಬಿಟ್ಟು ಬೇರೆ ಕಡೆ ಕೂತರೆ ಮೈಯೇ ನಿಲ್ಲುವುದಿಲ್ಲ. ಬೆಳಿಗ್ಗೆ ಹೆಂಡತಿ ಪುಷ್ಪ, "ಮಾವ ಸರ್ಟ್‌ಗೆ ಇಸ್ತ್ರಿ ಆಕ್ಸ್ಕಂಡವ್ರೆ, ಎಲ್ಲಿಗೋ ಏನೋ" ಎಂದಾಗ ರುದ್ರಸ್ವಾಮಿ ಯಾರದೋ ಮದುವೆ ಇರಬೇಕು ಅಂದುಕೊಂಡಿದ್ದ. ಈಗ ಕೈಯಲ್ಲಿದ್ದ, ಮೆಷಿನ್ನಿನ ದೀಪಕ್ಕೆ ಹಾಕುವ ಕಾರ್ಬನ್ ಕಡ್ಡಿ ಬೆವರಿನಿಂದ ಜಾರಿತು. ಹಿಂದೆ ಗೂಡಿನಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ ಇತ್ತು. ಅದರೊಳಗೆ ಸುರುಳಿ ಸುತ್ತಿಕೊಂಡು ನಾಲ್ಕು ನಿಮಿಷ ಮಲಗಿದ್ದವು.

ಪಿಚ್ಚರು ದೊಡ್ಡೋರದು. ಆ ನಟನ ಹೆಸರು ಹಿಡಿದು ಕರೆಯುವವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ, ದೊಡ್ಡೋರು ಅಂದರೆ ಸಾಕು. ಮೂವತ್ತು ವರ್ಷ ಕುದುರೆ ಹತ್ತಿ, ಕತ್ತಿ ಹಿಡಿದು, ಮಗಳ ವಯಸ್ಸಿನ ನಾಯಕಿಯರ ಸುತ್ತ ಓಡಿದ ಮನುಷ್ಯ ಈಗ ಇದ್ದಕ್ಕಿದ್ದಂತೆ ಬಿಳಿಗಡ್ಡ ಬಿಟ್ಟುಕೊಂಡು, ಟೋಪನ್ನು ಕಳಚಿಟ್ಟು, ಒಂದು ಹಳೆಯ ಕಾರು ಹತ್ತಿ ಹೊರಟುಬಿಟ್ಟಿದ್ದ. ಕತೆ ಅಂತ ಹೇಳಿದರೆ ಇಷ್ಟೇ. ಒಬ್ಬ ಮುದಿ ಲಾರಿ ಡ್ರೈವರು. ಪ್ರಾಯದಲ್ಲಿ ಒಂದು ಸೇತುವೆಯ ಮೇಲೆ ಲಾಟೀನು ಹಿಡಿದು ಹೋಗುತ್ತಿದ್ದವನೊಬ್ಬನಿಗೆ ಲಾರಿ ಗುದ್ದಿಸಿ ನಿಲ್ಲಿಸದೆ ಹೋಗಿರುತ್ತಾನೆ. ಹೆಂಡತಿ ಸತ್ತ ಮೇಲೆ ಆ ಸೇತುವೆಯನ್ನು ಹುಡುಕಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಎರಡು ಹಾಡು, ಒಂದು ಡಾಬಾ, ಜೊತೆಗೆ ಹತ್ತಿ ಇಳಿದು ಹೋಗುವ ಜನ. ಕೊನೆಗೆ ಸೇತುವೆ ಬರುತ್ತದೆ. ಕಾರು ನಿಲ್ಲಿಸಿ ಇಳಿಯುತ್ತಾನೆ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂರುತ್ತಾನೆ. ಮಾತಿಲ್ಲ, ಸಂಗೀತವಿಲ್ಲ, ಗಾಳಿಯ ಸದ್ದೊಂದೇ, ನಾಲ್ಕು ನಿಮಿಷ. ಆಮೇಲೆ ಎದ್ದು ಖಾಲಿ ರಸ್ತೆಗೆ ಕೈಮುಗಿಯುತ್ತಾನೆ. ಮುಂದಿನ ದೃಶ್ಯದಲ್ಲಿ ಸಮುದ್ರ, ಅಲೆಯಲ್ಲಿ ಕಾಲು ತೊಳೆದುಕೊಳ್ಳುತ್ತಾನೆ, ಮುಗಿಯಿತು.

ಶುಕ್ರವಾರ ಬಿಡುಗಡೆಯಾದ ದಿನ ಆ ನಾಲ್ಕು ನಿಮಿಷಕ್ಕೆ ಜನ ಕುರ್ಚಿ ಬಡಿದರು. ಶಿಳ್ಳೆ ಹಾಕಿದರು. "ಗಾಡಿ ಕೆಟ್ಟೋಯ್ತೇನ್ರಣ್ಣೋ, ತಳ್ಬೇಕಾ?" ಎಂದು ಗಾಂಧಿಕ್ಲಾಸಿನಿಂದ ಯಾರೋ ಕೂಗಿದ್ದಕ್ಕೆ ಇಡೀ ಟಾಕೀಸು ನಕ್ಕಿತು. ಗೇಟಿನಲ್ಲಿ ಹಂಚಿಕೆದಾರರ ಕಡೆಯ ರಂಗನಾಯಕ ನೋಟುಪುಸ್ತಕ ಹಿಡಿದು ನಿಂತಿದ್ದ. ಸಾಮಾನ್ಯವಾಗಿ ಅವನ ಕೆಲಸ ಪ್ರಿಂಟಿನ ಜೊತೆ ಊರೂರು ಸುತ್ತಿ ಟಿಕೆಟಿನ ಮೇಲೆ ಕಣ್ಣಿಡುವುದು. ಈ ಸಲ ಮಾತ್ರ ವಿಚಿತ್ರವಾದ ಅಪ್ಪಣೆಯಾಗಿತ್ತು. ಜನ ಏನಂದರು ಎನ್ನುವುದನ್ನು ಅಂದದ್ದು ಅಂದ ಹಾಗೇ ಬರೆದು ಕಳಿಸಬೇಕು, ದೊಡ್ಡೋರೇ ಓದುತ್ತಾರಂತೆ. ಮುಪ್ಪಿನಲ್ಲಿ ಮನುಷ್ಯನಿಗೆ ಎಂಥೆಂಥ ಆಸೆ ಹುಟ್ಟುತ್ತದೋ. ಅಭಿಮಾನಿ ಸಂಘದ ನಿಂಗರಾಜು, "ಒಂದು ಪೈಟ್ ಇಲ್ಲ ಕಣ್ರಿ, ಆದ್ರೂ ದೊಡ್ಡೋರು ಸ್ಟೇರಿಂಗ್ ತಿರ್ಗ್ಸೋ ಸ್ಟೈಲ್ ಅದಲ್ಲ, ಅದುಕ್ಕೇ ನೂರ್ ದಿನ ಓಯ್ತದೆ, ಬರ್ಕಳಿ" ಎಂದ. ಎದುರಿನ ಟೀ ಅಂಗಡಿಯ ಬಿಳಿಗಿರಿ, "ಪಿಚ್ಚರ್ ತುಂಬ ರೋಡೇ ಸಾ. ರೋಡ್ ನೋಡಕ್ಕೆ ನಾವು ದುಡ್ ಕೊಡ್ಬೇಕಾ, ನಮ್ ಅಂಗ್ಡಿ ಮುಂದೇನೇ ಬಿದ್ದದೆ" ಎಂದ. ಹೆಂಗಸರ ಬಾಗಿಲಿನಲ್ಲಿ ಟಿಕೆಟ್ಟು ಹರಿಯುವ ರಾಮಮ್ಮ ಕಣ್ಣೊರೆಸಿಕೊಂಡು, "ಅಯ್ಯೋ, ಇಷ್ಟ್ ವಯಸ್ಸಾದೋರ ಕೈಲಿ ಯಾಕಪ್ಪಾ ಅಷ್ಟ್ ದೂರ ಕಾರ್ ಓಡುಸ್ತೀರ, ಮನೇಲಿ ಕೂರ್ಸಿ ಒಂದ್ ತುತ್ತು ಅನ್ನ ಇಕ್ಬಾರ್ದಾ" ಎಂದಳು. ರಂಗನಾಯಕ ಎಲ್ಲವನ್ನೂ ಬರೆದುಕೊಂಡ. ಕೊನೆಗೆ ಶಾಗ್ಯದ ಕಡೆಯ ನಾಲ್ಕಾರು ಜನ ಅವನನ್ನು ಸುತ್ತಿಕೊಂಡರು. ಅವರಿಗೆ ಅಭಿಪ್ರಾಯ ಹೇಳುವಷ್ಟು ಸಮಾಧಾನ ಇರಲಿಲ್ಲ. ಲಾಸ್ಟ್ ಬಸ್ಸು ಹೋಗಿಬಿಟ್ಟಿತ್ತು.

ಐದು ಹತ್ತರ ಬಸ್ಸು ಅದು. ಹನೂರು ದಾಟಿ ಶಾಗ್ಯದ ಕಡೆಗೆ ಆಮೇಲೆ ಬಸ್ಸಿಲ್ಲ, ಆ ದಿನಗಳಲ್ಲಂತೂ ಕತ್ತಲಾದ ಮೇಲೆ ಕಾಡಂಚಿನ ರಸ್ತೆಗೆ ಯಾರೂ ಗಾಡಿ ಹಾಕುತ್ತಿರಲಿಲ್ಲ. ಅದಕ್ಕೇ ಕೊಳ್ಳೇಗಾಲದ ಈ ಟಾಕೀಸಿನಲ್ಲಿ ಮ್ಯಾಟಿನಿ ಐದಕ್ಕೆ ಮುಗಿಯಲೇಬೇಕು, ಪಿಚ್ಚರು ಎಷ್ಟೇ ಉದ್ದವಿರಲಿ. ಉಳಿದದ್ದನ್ನು ಆಪರೇಟರ್ ಕತ್ತರಿಸಿ ತೆಗೆದಿಡುತ್ತಾನೆ, ಕೊನೆಯ ದಿನ ಮತ್ತೆ ಅಂಟಿಸಿ ಮುಂದಿನ ಊರಿಗೆ ಕಳಿಸುತ್ತಾನೆ. ಹಾಗೆ ಅಂಟಿಸಿ ಕಳಿಸುವುದು ಆಪರೇಟರುಗಳ ನಡುವಿನ ಮರ್ಯಾದೆ. ಈ ಪದ್ಧತಿ ಶುರುವಾದದ್ದು ಯಾರಿಂದ ಎನ್ನುವುದನ್ನು ರುದ್ರಸ್ವಾಮಿಗೆ ಕೆಲಸ ಕಲಿಸಿದ ಹಳೆಯ ಆಪರೇಟರ್ ಹೇಳಿದ್ದ. "ನಿಮ್ಮಪ್ಪನ್ ಆರ್ನ್‌ಗೆ ಎದ್ರಿ ಕಣಪ್ಪ ನಾನು ಕತ್ರಿ ಇಡ್ಕಂಡಿದ್ದು." ಇಪ್ಪತ್ತಾರು ವರ್ಷ ಶಾಗ್ಯದ ಲಾಸ್ಟ್ ಬಸ್ಸು ಓಡಿಸಿದ ಶಿವಮಲ್ಲಪ್ಪ ಸರಿಯಾಗಿ ಐದು ಹತ್ತಕ್ಕೆ ಟಾಕೀಸಿನ ಮುಂದೆ ಎರಡು ಸಲ ಹಾರನ್ನು ಹೊಡೆಯುತ್ತಿದ್ದ. ಮೂರನೆಯದಿಲ್ಲ. ಹತ್ತಿದವರು ಹತ್ತಿದರು, ಉಳಿದವರು ಉಳಿದರು. ತಹಸೀಲ್ದಾರರ ಹೆಂಡತಿಯನ್ನೇ ಒಂದು ಸಲ ರಸ್ತೆಯಲ್ಲಿ ಬಿಟ್ಟು ಹೋದನಂತೆ. ಆ ಸುದ್ದಿಯನ್ನು ಅವನು ಎಂದೂ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಹೀಗಾಗಿ ಶನಿವಾರ ಬೆಳಿಗ್ಗೆ ಕತ್ತರಿ ಹಿಡಿದಾಗ ರುದ್ರಸ್ವಾಮಿ ಹೊಸದೇನನ್ನೂ ಮಾಡಲಿಲ್ಲ. ಅಲ್ಲಿ ಇಲ್ಲಿ ಡಾಬಾದಲ್ಲಿ ಚೂರು, ರಸ್ತೆಯಲ್ಲಿ ಚೂರು ತೆಗೆದ. ಆಮೇಲೆ ಒಂದು ಹಾಡನ್ನು ತೆಗೆದಿದ್ದರೆ ಸಾಕಿತ್ತು. ಹಾಡು ಐದು ನಿಮಿಷದ್ದು, ಕತೆಗೆ ಅದರಿಂದ ಏನೂ ಆಗಬೇಕಾದ್ದಿರಲಿಲ್ಲ. ಬೆರಳು ಹಾಡಿನ ಫ್ರೇಮುಗಳ ಮೇಲೆ ಓಡಿ, ನಿಂತು, ಮತ್ತೆ ಓಡಿ, ಸೇತುವೆಗೆ ಬಂದಿತ್ತು. ಜನ ಹಾಡು ಕೇಳುವುದಕ್ಕೇ ಬರುತ್ತಾರೆ, ಮುದುಕ ಸುಮ್ಮನೆ ಕೂರುವುದನ್ನು ಯಾರು ನೋಡುತ್ತಾರೆ ಎಂದು ಮ್ಯಾನೇಜರಿಗೆ ಹೇಳಿದ. ಮ್ಯಾನೇಜರು ಹೌದೆಂದ. ತನಗೆ ತಾನೂ ಅದನ್ನೇ ಹೇಳಿಕೊಂಡ. ಕತ್ತರಿಸಿದ ಮೇಲೆ ದೊಡ್ಡೋರು ಸೇತುವೆಯನ್ನು ನೋಡುತ್ತಾರೆ, ಕಾರು ಸ್ವಲ್ಪ ನಿಧಾನವಾಗುತ್ತದೆ, ಆಮೇಲೆ ಸಮುದ್ರ. ನಿಲ್ಲಿಸದೆ ಹೋಗಿಬಿಡುತ್ತಾರೆ. ಜನರ ಅಭಿಪ್ರಾಯ ಒಂದೇ ದಿನದಲ್ಲಿ ಬದಲಾಯಿತು. "ಎಲ್ಲೂ ನಿಲ್ಸಲ್ಲ ಕಣ್ರಿ, ಈ ವಯಸ್ಸಲ್ಲೂ!" ಎಂದು ನಿಂಗರಾಜು ಕುಣಿದ. ರಾಮಮ್ಮ ಅಳುವುದನ್ನು ಬಿಟ್ಟು, ಸಮುದ್ರ ಚೆನ್ನಾಗಿದೆ ಎಂದಳು. ರಂಗನಾಯಕ ಇವನ್ನೂ ಬರೆದುಕೊಂಡ. ತಾನು ಬರೆಯುತ್ತಿರುವುದು ಬೇರೆಯೇ ಒಂದು ಪಿಚ್ಚರಿನ ಮೇಲಿನ ಅಭಿಪ್ರಾಯ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಟಾಕೀಸಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ನಿದ್ದೆ ಮಾಡುವವನಿಗೆ ಪಿಚ್ಚರು ಎಷ್ಟು ಉದ್ದವಿದ್ದರೇನು.

ಗಂಟೆ ಹೊಡೆಯಿತು. ಕಡ್ಡಿಗಳು ಹತ್ತಿಕೊಂಡು ಬೆಳಕು ಚಿಮ್ಮಿತು. ಮೆಷಿನ್ನಿನ ಗರಗರ ಶುರುವಾದರೆ ರುದ್ರಸ್ವಾಮಿಗೆ ಎಂದೂ ಒಂದು ಬಗೆಯ ಮಂಪರು, ಅರ್ಧ ಎಚ್ಚರ ಅರ್ಧ ಕನಸು. ಇವತ್ತು ಆ ಮಂಪರಿನಲ್ಲಿ ತೆರೆಯ ಮೇಲಿನ ರಸ್ತೆ ಯಾವುದು, ಎದೆಯೊಳಗಿನದು ಯಾವುದು ಗೊತ್ತಾಗದಾಯಿತು. ಕಿಂಡಿಯಿಂದ ನೋಡಿದ. ತೆರೆಯಲ್ಲಿ ರಸ್ತೆ ಎಡಕ್ಕೆ ಹೊರಳಿದರೆ ಅಪ್ಪನ ತಲೆಯೂ ಇಷ್ಟೇ ಇಷ್ಟು ಎಡಕ್ಕೆ ವಾಲುತ್ತಿತ್ತು, ಬಲಕ್ಕೆ ಹೊರಳಿದರೆ ಬಲಕ್ಕೆ. ಆ ಕತ್ತಲಲ್ಲಿ ಅಪ್ಪನ ಬಲಗಾಲು ಬ್ರೇಕು ಹುಡುಕುತ್ತಿರಬಹುದು. ಹನ್ನೊಂದು ವರ್ಷದ ಹಿಂದೆ ಆ ತಲೆಯನ್ನು ಹೀಗೇ ಹಿಂದಿನಿಂದ ನೋಡಿದ್ದ. ಡಿಗ್ರಿ ಫೇಲಾಗಿ, ಕೆಲಸವಿಲ್ಲದೆ, ಅಪ್ಪನ ಬಸ್ಸಿನಲ್ಲೇ ಕಂಡಕ್ಟರಾಗುವ ಮಾತು ನಡೆದಿದ್ದ ದಿನಗಳು. ಕಂಡಕ್ಟರ್ ಮಾರಯ್ಯನ ಜೊತೆ ದಾರಿ ಕಲಿಯಲೆಂದು ಹೋಗುತ್ತಿದ್ದ. ಸಂಜೆಗೆಂಪು. ಹನೂರು ದಾಟಿ, ಮೋರಿಯ ಹತ್ತಿರದ ತಿರುವು. ಸೂರ್ಯ ನೇರ ಗಾಜಿಗೆ ಹೊಡೆಯುತ್ತಿತ್ತು. ಏನೋ ಮೆತ್ತಗೆ ತಾಗಿದ ಹಾಗೆ ಸದ್ದು, ದೊಡ್ಡದೇನಲ್ಲ, ಸೊಪ್ಪಿನ ಹೊರೆ ನೆಲಕ್ಕೆ ಹಾಕಿದ ಹಾಗೆ. ಅಪ್ಪನ ಕಾಲು ಬ್ರೇಕಿನ ಮೇಲೆ ಹೋಯಿತು. ಬಸ್ಸು ನಿಧಾನವಾಯಿತು. ಅಪ್ಪ ಮೇಲಿನ ಗಡಿಯಾರ ನೋಡಿದ. ಆಮೇಲೆ ಬಸ್ಸು ಮತ್ತೆ ಜೋರಾಯಿತು. ಮಾರಯ್ಯ ಹಿಂದೆ ಟಿಕೆಟ್ಟು ಕೊಡುತ್ತಿದ್ದ. ಯಾರೂ ಏನೂ ಕೇಳಲಿಲ್ಲ. ರುದ್ರಸ್ವಾಮಿ ಬಾಯಿ ತೆರೆದಿದ್ದ, ಗಾಳಿ ಕುಡಿದು ಮುಚ್ಚಿಕೊಂಡ.

ಶಾಗ್ಯದಲ್ಲಿ ಜನ ಇಳಿದು ಹೋದ ಮೇಲೆ ಬಸ್ಸಿನ ಮುಂದೆ ಬಂದು ನೋಡಿದ. ಬಂಪರಿನ ಸಂದಿನಲ್ಲಿ ಹಿಪ್ಪುನೇರಳೆಯ ಒಂದು ಕಡ್ಡಿ ಸಿಕ್ಕಿಕೊಂಡಿತ್ತು, ಐದಾರು ಎಲೆ, ಇನ್ನೂ ಬಾಡಿರಲಿಲ್ಲ. ಹಿಂದೆ ಮುಂದೆ ನೋಡಿ ಅದನ್ನು ಕಿತ್ತು ಬೇಲಿಯಾಚೆ ಎಸೆದ. ಕೈ ತಾನೇ ಮಾಡಿತು. ಮಾರನೆಯ ದಿನ ಸುದ್ದಿ ಬಂತು. ಶಿವಮ್ಮ ಎಂಬ ಹೆಂಗಸಂತೆ, ರೇಷ್ಮೆಹುಳುವಿಗೆ ಸೊಪ್ಪು ತರುತ್ತಿದ್ದಳಂತೆ, ಯಾವುದೋ ಲಾರಿಯಂತೆ, ಬೆಳಗಿನವರೆಗೂ ಮೋರಿಯ ಪಕ್ಕದಲ್ಲೇ ಬಿದ್ದಿದ್ದಳಂತೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಊಟಕ್ಕೆ ಕೂತಾಗ ಅಪ್ಪ ಮಗ ಇಬ್ಬರೂ ಆ ಸುದ್ದಿ ಕೇಳಿದರು. ಅಪ್ಪ ಸಾರು ಬಡಿಸು ಎಂದ. ಮುಂದಿನ ವಾರ ರುದ್ರಸ್ವಾಮಿ ಕಂಡಕ್ಟರ್ ಕೆಲಸ ಬೇಡ ಎಂದ. ಅಪ್ಪ ಯಾಕೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ಒಂದು ಮಾತಿನ ಹಾಗೆ ಆ ಮನೆಯಲ್ಲಿ ಹನ್ನೊಂದು ವರ್ಷ ಓಡಾಡಿಕೊಂಡಿತ್ತು.

ಇಂಟರ್‌ವಲ್ ಬಂತು. ದೀಪ ಹತ್ತಿದಾಗ ಅಪ್ಪ ಏಳಲಿಲ್ಲ, ಕಡ್ಲೆಕಾಯಿಯವನು ಬಂದರೂ ತಲೆಯಾಡಿಸಿದ. ಎರಡೂ ಕೈ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದಿದ್ದವು. ಹತ್ತು ನಿಮಿಷ. ಸೇತುವೆ ಬರುವ ರೀಲು ಇನ್ನೂ ಪಕ್ಕದ ಟೇಬಲ್ಲಿನ ಮೇಲಿತ್ತು. ರುದ್ರಸ್ವಾಮಿ ಡಬ್ಬ ಇಳಿಸಿ ಮುಚ್ಚಳ ತೆಗೆದ. ಸುರುಳಿಯ ತುದಿಯನ್ನು ದೀಪಕ್ಕೆ ಹಿಡಿದರೆ ಬೆರಳುಗುರಿನಷ್ಟು ದೊಡ್ಡೋರು ಬೆರಳುಗುರಿನಷ್ಟು ಕಟ್ಟೆಯ ಮೇಲೆ ಕೂತಿದ್ದರು, ಮತ್ತೆ ಕೂತಿದ್ದರು, ಮತ್ತೆ ಕೂತಿದ್ದರು. ಫಿಲಮ್ಮು ಅಂಟಿಸುವ ಸಿಮೆಂಟಿನ ಸೀಸೆ, ಬ್ರಷ್ಷು, ಬ್ಲೇಡು ಎಲ್ಲ ಕೈಗೆಟುಕುವಂತೆ ಇದ್ದವು. ಎರಡು ಜಾಯಿಂಟು, ಐದು ನಿಮಿಷದ ಕೆಲಸ. ಅಂಟಿಸಿದರೆ ಇನ್ನು ಒಂದು ಗಂಟೆಯಲ್ಲಿ ಅಪ್ಪ ಅದನ್ನು ನೋಡುತ್ತಾನೆ. ನೋಡಿದರೆ ಏನಾಗುತ್ತಾನೋ. ಎದೆ ಹಿಡಿದುಕೊಂಡು ಕುರ್ಚಿಯಲ್ಲೇ ಬಿದ್ದುಬಿಟ್ಟರೆ? ಎದ್ದು ಹೊರಗೆ ಹೋಗಿ ನಾನು ಕೊಂದೆ ಎಂದು ಬಿಳಿಗಿರಿಯ ಅಂಗಡಿಯ ಮುಂದೆ ಕೂಗಿಬಿಟ್ಟರೆ? ಅಥವಾ ಏನೂ ಆಗದೆ, ಮನೆಗೆ ಬಂದು ಸಾರು ಬಡಿಸು ಎಂದುಬಿಟ್ಟರೆ? ಮೂರನೆಯದಕ್ಕೇ ಅವನಿಗೆ ಹೆಚ್ಚು ಭಯವಾಯಿತು. ಕೆಳಗೆ ಶಾಗ್ಯದ ಕಡೆಯವರು ಕೂತಿದ್ದಾರೆ, ಬಸ್ಸು ತಪ್ಪುತ್ತದೆ, ಎಂದು ಗಟ್ಟಿಯಾಗಿಯೇ ಹೇಳಿಕೊಂಡ. ಗಂಟೆ ಹೊಡೆಯಿತು. ಡಬ್ಬದ ಮುಚ್ಚಳವನ್ನು ಒತ್ತಿ ಹಾಕಿದ.

ಸೇತುವೆ ಬಂದಾಗ ಕಿಂಡಿಗೆ ಕಣ್ಣಿಟ್ಟು ನಿಂತಿದ್ದ. ದೊಡ್ಡೋರು ನೋಡಿದರು. ಕಾರು ನಿಧಾನವಾಯಿತು. ಅಪ್ಪನ ತಲೆ ಮುಂದಕ್ಕೆ ಬಾಗಿತು, ಬಾಗಿ ಅಲ್ಲೇ ನಿಂತಿತು. ಜಾಯಿಂಟು ಮೆಷಿನ್ನಿನ ಗೇಟಿನಲ್ಲಿ ಚಟ್ಟೆಂದು ಹಾರಿತು. ಸಮುದ್ರ. ತೆರೆಯ ನೀಲಿ ಬೆಳಕು ಇಡೀ ಟಾಕೀಸಿನ ಮೇಲೆ ಬಿದ್ದು, ಆ ನೀಲಿಯಲ್ಲಿ ಅಪ್ಪ ಬೆನ್ನನ್ನು ಕುರ್ಚಿಗೆ ಒರಗಿಸಿದ. ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಮೊದಲ ಸಲ ಅದನ್ನು ಮಡಿಸದೆ ಹಾಗೇ ಹೆಗಲಿಗೆ ಹಾಕಿಕೊಂಡ.

ಹೊರಗೆ ಐದು ಹತ್ತರ ಬಸ್ಸು ಹಾರನ್ನು ಹೊಡೆಯುತ್ತಿತ್ತು, ಈಗಿನ ಡ್ರೈವರು ನಾಲ್ಕೈದು ಸಲ ಹೊಡೆಯುತ್ತಾನೆ, ಜನ ಓಡಿ ಹತ್ತಿಕೊಳ್ಳುತ್ತಿದ್ದರು. ರುದ್ರಸ್ವಾಮಿ ಇಳಿದು ಬರುವಷ್ಟರಲ್ಲಿ ಅಪ್ಪ ಬಿಳಿಗಿರಿಯ ಬೆಂಚಿನ ಮೇಲೆ ಕೂತು ಟೀ ಹೀರುತ್ತಿದ್ದ. ಎದುರಿಗೆ ರಂಗನಾಯಕ ನೋಟುಪುಸ್ತಕ ತೆರೆದುಕೊಂಡಿದ್ದ.

"ಎಂಗಿತ್ತು ಯಜಮಾನ್ರೇ ಪಿಚ್ಚರು?"

"ಚೆಂದಾಗದೆ ಕಣಪ್ಪ. ಬರ್ಕ. ನಾನು ಡ್ರೈವರು, ನಂಗೆ ಗೊತ್ತಾಯ್ತದೆ. ನಿಲ್ಸ್‌ದೆ ಓದ್ರಲ್ಲ, ಅದು ಸರಿ. ಆಗಿದ್ದು ಆಗೋಯ್ತು, ಈಗ ನಿಲ್ಸಿದ್ರೆ ಏನ್ ಬಂದಾದು? ಮುಂದುಕ್ ಓಗ್ತಿರ್ಬೇಕು. ಆ ದೊಡ್ಡ ಮನ್ಸ್ಯನೇ ಅಂಗ್ ಮಾಡವ್ರೆ ಅಂದ್ಮ್ಯಾಕೆ ನಮ್ಮಂತೋರ್ದು ಏನು." ಮಗನನ್ನು ಕಂಡು ನಕ್ಕ. ಆ ನಗುವನ್ನು ರುದ್ರಸ್ವಾಮಿ ನೋಡಿ ಎಷ್ಟು ಕಾಲವಾಗಿತ್ತೋ, ಹಲ್ಲು ಹೋದದ್ದೇ ಅವನಿಗೆ ಗೊತ್ತಿರಲಿಲ್ಲ. "ಮಾರಯ್ಯ ಎದ್ರುಸ್ಬುಟ್ಟಿದ್ದ ಕಣ್ಲಾ. ಮೈಸೂರ್‌ನಲ್ಲಿ ನೋಡ್ಕಂಡ್ ಬಂದು, ನೀ ನೋಡ್ಬೇಕು, ಸೇತ್ವೆ ಗಂಟ ಎದ್ದು ಬರ್ಬ್ಯಾಡ ಅಂದ. ನಾನೂ ಎದೆ ಕೈಲಿ ಇಡ್ಕಂಡ್ ಕೂತಿದ್ದೆ. ಸೇತ್ವೆ ತಾವ ಏನೂ ಇಲ್ಲ! ಸುಮ್ನೆ ಓಯ್ತಾರೆ."

ರಂಗನಾಯಕ ಬರೆದುಕೊಂಡ. ಆ ಪೆನ್ನು ಕಾಗದದ ಮೇಲೆ ಹರಿದಾಡುವುದನ್ನು ನೋಡುತ್ತ ರುದ್ರಸ್ವಾಮಿಗೆ ನಾಚಿಕೆಯಾಯಿತು. ಎಲ್ಲೋ ದೂರದ ಊರಿನಲ್ಲಿ ಒಬ್ಬ ಮುದುಕ ಇದನ್ನು ಓದುತ್ತಾನೆ. ಬಿಸಿಲಲ್ಲಿ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಕೂತದ್ದು ಅವನ ನೆನಪಿಗೆ ಬರುತ್ತದೆ. ಕೊಳ್ಳೇಗಾಲದ ಒಬ್ಬ ಡ್ರೈವರು, ನೀವು ನಿಲ್ಲಿಸದೆ ಹೋದದ್ದು ಸರಿ ಎಂದು ಹೇಳಿ ಕಳಿಸಿದ್ದಾನೆ.

ಆ ಸಂಜೆ ಮನೆಯಲ್ಲಿ ಅಪ್ಪ ಎರಡನೆಯ ಸಲ ಮುದ್ದೆ ಹಾಕಿಸಿಕೊಂಡ. ಪುಷ್ಪಳಿಗೆ ಪಿಚ್ಚರಿನ ಕತೆ ಹೇಳಿದ, ಕಾರಿನ ಗೇರು ಬದಲಾಯಿಸುವುದನ್ನು ಕೈಯಲ್ಲಿ ಮಾಡಿ ತೋರಿಸಿದ. ಕತೆಯಲ್ಲಿ ಇಲ್ಲದ್ದನ್ನೂ ಸೇರಿಸಿದ. ಸೇತುವೆ ಬಂದಾಗ ದೊಡ್ಡೋರು ನಕ್ಕರು ಎಂದ. ಪುಷ್ಪ, "ಮಾವನ್ನ ಇಷ್ಟ್ ಗೆಲುವಾಗಿ ನೋಡೇ ಇಲ್ಲ, ಎಂಥಾ ಪಿಚ್ಚರ್ ಆಕಿದೀರ್ರೀ" ಎಂದಳು. ಅವಳ ಮಾತು ಸುಳ್ಳಲ್ಲ. ಇಷ್ಟು ವರ್ಷ ಮೂಲೆಯಲ್ಲಿ ಗೋಡೆ ನೋಡಿಕೊಂಡು ಕೂರುತ್ತಿದ್ದ ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಹಗುರವಾಗಿದ್ದ. ಸುಳ್ಳಿನಿಂದ ಬಂದ ಹಗುರವಾದರೇನು, ಅರವತ್ತಾರು ವರ್ಷದವನು ನೆಮ್ಮದಿಯಾಗಿ ಮಲಗಿದರೆ ಯಾರ ಗಂಟು ಹೋಗುತ್ತದೆ? ಮೋರಿಯ ಪಕ್ಕ ಬೆಳಗಿನವರೆಗೂ ಬಿದ್ದಿದ್ದವಳ ಗಂಟು ಎಂದು ತಕ್ಷಣವೇ ಹೊಳೆದು, ತಟ್ಟೆಯಿಂದ ಕೈ ತೆಗೆದ.

"ಎಳಂದೂರ್‌ಗೆ ಓಗ್ತದಲ್ವಾ ಪಿಚ್ಚರು?" ಅಪ್ಪ ಕೈ ತೊಳೆಯುತ್ತ ಕೇಳಿದ. "ಶನಿವಾರ ಇನ್ನೊಂದ್ ಕಿತ ನೋಡ್ಕಂಡ್ ಬತ್ತೀನಿ."

ಶುಕ್ರವಾರ ಬೆಳಿಗ್ಗೆ ರುದ್ರಸ್ವಾಮಿ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಕೂತ. ಹನ್ನೆರಡರ ಬಸ್ಸಿಗೆ ಪೆಟ್ಟಿಗೆಗಳು ಯಳಂದೂರಿಗೆ ಹೋಗಬೇಕು. ಡಾಬಾದ ಚೂರುಗಳು, ರಸ್ತೆಯ ಚೂರುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಸೇರಿದವು. ಡಬ್ಬದಲ್ಲಿ ಸೇತುವೆ ಉಳಿಯಿತು. ಇದೊಂದನ್ನು ಉಳಿಸಿಕೊಂಡರೆ ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಎಷ್ಟೋ ಪ್ರಿಂಟುಗಳು ಹೀಗೇ ಸವೆಯುತ್ತವೆ, ಮಂಡ್ಯದಲ್ಲಿ ಹೋಯಿತೋ ಮಳವಳ್ಳಿಯಲ್ಲಿ ಹೋಯಿತೋ ಯಾರಿಗೆ ಗೊತ್ತು. ಅಪ್ಪ ನಾಳೆ ಯಳಂದೂರಿನಲ್ಲಿ ಮತ್ತೊಂದು ಸಲ ನೋಡುತ್ತಾನೆ, ಮತ್ತೊಂದು ಸಲ ಹಗುರವಾಗುತ್ತಾನೆ. ಆಮೇಲೆ ಒಂದು ದಿನ ಮುದಿತನ ಬಂದು ಕರೆದುಕೊಂಡು ಹೋಗುತ್ತದೆ. ಸುರುಳಿಯನ್ನು ಜೇಬಿಗೆ ಹಾಕಿಕೊಂಡು ನೋಡಿದ. ದಪ್ಪವಾಗಿ ತೊಡೆಗೆ ಒತ್ತಿತು. ಬೇಲಿಯಾಚೆ ಎಸೆಯುವುದಕ್ಕೆ ಇಲ್ಲಿ ಬೇಲಿ ಎಲ್ಲಿದೆ ಎಂದುಕೊಂಡು ಒಬ್ಬನೇ ಇದ್ದರೂ ಬೆಚ್ಚಿ, ತಾನು ಹೇಳಿಕೊಂಡದ್ದನ್ನು ತಾನೇ ಕೇಳಿಸಿಕೊಂಡ. ಆಮೇಲೆ ಬ್ಲೇಡು ತೆಗೆದುಕೊಂಡು ಫಿಲಮ್ಮಿನ ಅಂಚನ್ನು ನಿಧಾನವಾಗಿ ಕೆರೆದ. ಸಿಮೆಂಟು ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಹಿಡಿಯಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಹಿಡಿದ.

ಶನಿವಾರ ಮ್ಯಾನೇಜರಿಗೆ ಜ್ವರ ಎಂದು ಹೇಳಿಕಳಿಸಿ ಅಪ್ಪನ ಜೊತೆ ತಾನೂ ಬಸ್ಸು ಹತ್ತಿದ. "ನೀ ಯಾಕ್ಲಾ, ನೋಡಿ ನೋಡಿ ಸಾಕಾಗಿಲ್ವಾ?" ಎಂದ ಅಪ್ಪ. ಕಿಟಕಿಯಾಚೆ ಭತ್ತದ ಬಯಲು, ಬಾಳೆತೋಟ, ದೂರದಲ್ಲಿ ಬೆಟ್ಟದ ನೀಲಿ. ಅಪ್ಪ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಈ ಕಾಲದವರಿಗೆ ಕ್ಲಚ್ಚು ತುಳಿಯಲು ಬರುವುದಿಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡ. ಯಳಂದೂರಿನ ಟಾಕೀಸು ಚಿಕ್ಕದು, ಮಾಡಿನ ತಗಡಿನ ತೂತುಗಳಿಂದ ಬಿಸಿಲಿನ ಕಾಸುಗಳು ಜನರ ಮೇಲೆ ಬಿದ್ದಿದ್ದವು. ಇವನು ಜೀವಮಾನದಲ್ಲಿ ಅಪ್ಪನ ಪಕ್ಕ ಕೂತು ಪಿಚ್ಚರು ನೋಡಿರಲಿಲ್ಲ. ಹಾಡು ಬಂತು, ಡಾಬಾ ಬಂತು. ಡಾಬಾದಲ್ಲಿ ಒಂದು ಮಾತು ಹೊಸದಾಗಿ ಕೇಳಿಸಿ ಅಪ್ಪ ಇವನ ಕಡೆ ತಿರುಗಿದ, ಮತ್ತೆ ತೆರೆ ನೋಡಿದ. ರಸ್ತೆ ಎಡಕ್ಕೆ ಹೊರಳಿದಾಗ ಅಪ್ಪನ ಭುಜ ಇವನಿಗೆ ತಾಗಿತು, ಬಲಕ್ಕೆ ಹೊರಳಿದಾಗ ದೂರವಾಯಿತು.

ಸೇತುವೆ. ಕಾರು ನಿಧಾನವಾಯಿತು. ಇನ್ನು ಸಮುದ್ರ ಎಂದು ಅಪ್ಪ ಆಗಲೇ ಬೆನ್ನನ್ನು ಕುರ್ಚಿಗೆ ಒರಗಿಸಿಕೊಂಡಿದ್ದ. ಕಾರು ನಿಂತಿತು. ಬಾಗಿಲು ತೆರೆಯಿತು.

ದೊಡ್ಡೋರು ಇಳಿದರು, ಚಪ್ಪಲಿ ಬಿಟ್ಟರು, ಕಟ್ಟೆಯ ಮೇಲೆ ಕೂತರು. ಗಾಳಿ. ಒಂದು ಮೇಕೆಯ ಹಿಂಡು ಸೇತುವೆ ದಾಟಿ ಹೋಯಿತು. ಜನ ಮಿಸುಕಾಡತೊಡಗಿದರು, ಯಾರೋ ಕೆಮ್ಮಿದರು, ಮುಂದಿನಿಂದ ಒಬ್ಬ "ಎದ್ದೇಳಣ್ಣೋ, ಒತ್ತಾಯ್ತು" ಎಂದು ಕೂಗಿದ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ, "ಬಾಯ್ ಮುಚ್ಕಂಡ್ ಕೂತ್ಕಳ್ಳೋ, ಅಂವ ಯಾರ್ನೋ ನೆನುಸ್ಕತಾವ್ನೆ" ಎಂದು ಗದರಿದಳು. ಟಾಕೀಸು ತಣ್ಣಗಾಯಿತು. ಎಂಥ ಸದ್ದೂ ಇಲ್ಲದ ಆ ಹೊತ್ತಿನಲ್ಲಿ ಮೆಷಿನ್ನಿನ ಗರಗರ ಮಾತ್ರ ಮಳೆಯ ಹಾಗೆ ಸುರಿಯುತ್ತಿತ್ತು. ಅಪ್ಪ ಉಸಿರಾಡುತ್ತಿದ್ದಾನೋ ಇಲ್ಲವೋ ತಿಳಿಯದೆ ರುದ್ರಸ್ವಾಮಿ ಪಕ್ಕಕ್ಕೆ ತಿರುಗಿದ. ಅಪ್ಪನ ಕಣ್ಣು ತೆರೆಯ ಮೇಲೇ ಇತ್ತು.

"ಇದು ಇರ್ನಿಲ್ವಲ್ಲ ಮೊನ್ನೆ," ಅಪ್ಪ ಮೆಲ್ಲಗೆ ಹೇಳಿದ.

"ನಾನು ಕತ್ರಿಸಿದ್ದೆ."

ದೊಡ್ಡೋರು ಕೂತೇ ಇದ್ದರು. ಗಾಳಿ ಅವರ ಬಿಳಿಕೂದಲನ್ನು ಎತ್ತಿ ಇಳಿಸಿತು.

"ಬಸ್ಗಾ?"

ಹೌದು ಎನ್ನಬಹುದಿತ್ತು. ಕೊಳ್ಳೇಗಾಲಕ್ಕೆಲ್ಲ ಗೊತ್ತಿದ್ದ ಉತ್ತರ ಅದು, ಅಪ್ಪನಿಂದಲೇ ಹುಟ್ಟಿದ ಉತ್ತರ. ನಾಲಿಗೆಯ ತುದಿಯವರೆಗೂ ಬಂದಿತ್ತು. "ಅಲ್ಲ ಕಣಪ್ಪ," ಎಂದ. ಅಷ್ಟು ಹೇಳಿದ ಮೇಲೆ ಉಳಿದದ್ದೂ ಬಂತು. "ಬಂಪರ್‌ಗೆ ಸಿಕ್ಕಾಕಂಡಿದ್ದ ಸೊಪ್ಪ ಕಿತ್ತಾಕಿದ್ದೂ ನಾನೇ."

ತೆರೆಯ ಮೇಲೆ ದೊಡ್ಡೋರು ಎದ್ದು ನಿಂತರು, ಖಾಲಿ ರಸ್ತೆಗೆ ಕೈಮುಗಿದರು. ಅಪ್ಪನ ಕೈಗಳು ತೊಡೆಯ ಮೇಲೆ ಹಾಗೇ ಬಿದ್ದಿದ್ದವು, ಮುಗಿಯುವುದಕ್ಕೂ ಏಳಲಿಲ್ಲ.

"ಗೊತ್ತು," ಎಂದ. "ಸ್ಟೇರಿಂಗ್ ಇಡ್ಕಂಡೇ ಕೂತಿದ್ದೆ. ಗ್ಲಾಸ್‌ನಲ್ಲಿ ನೀ ಬಗ್ಗಿದ್ದು ಕಾಣ್ತಿತ್ತು."

ಸಮುದ್ರ ಬಂತು. ಜನ ಏಳತೊಡಗಿದರು, ಬಾಗಿಲುಗಳು ತೆರೆದು ಹಗಲು ನುಗ್ಗಿ ಅಲೆಗಳು ಬೆಳ್ಳಗಾದವು. ಗೇಟಿನಲ್ಲಿ ರಂಗನಾಯಕ ಯಳಂದೂರಿನವರ ಅಭಿಪ್ರಾಯ ಕೇಳುತ್ತಿರುವುದು ಒಳಗೆ ಕೇಳಿಸುತ್ತಿತ್ತು. ರಸ್ತೆಯಲ್ಲಿ ಕೊಳ್ಳೇಗಾಲದ ಬಸ್ಸು ಹಾರನ್ನು ಹೊಡೆಯಿತು. ಒಂದು, ಎರಡು. ಅಪ್ಪ ಏಳಲಿಲ್ಲ. ಬಸ್ಸು ಗೇರು ಬದಲಾಯಿಸಿ ಹೊರಟದ್ದು, ತಿರುವಿನಲ್ಲಿ ಸದ್ದು ಸಣ್ಣದಾದದ್ದು ಇಬ್ಬರೂ ಕೇಳಿಸಿಕೊಂಡರು. ಕಸ ಗುಡಿಸುವವಳು ಪೊರಕೆ ಹಿಡಿದು ಬಂದು ಇವರನ್ನು ನೋಡಿ ಹಿಂದಿನ ಸಾಲಿನಿಂದ ಶುರು ಮಾಡಿದಳು.

ಅಪ್ಪ ಟವೆಲ್ಲನ್ನು ತೊಡೆಯ ಮೇಲೆ ಹಾಸಿ, ನಿಧಾನವಾಗಿ, ನಾಲ್ಕು ಮಡಿಕೆ ಮಾಡಿದ.

"ಶಾಗ್ಯಕ್ಕೆ ಈಗ್ಲೂ ಐದತ್ತರದ್ ಬಸ್ಸೊಂದೇನಾ?"

"ಬೆಳಿಗ್ಗೆ ಏಳಕ್ಕೂ ಒಂದದೆ ಕಣಪ್ಪ," ಎಂದ ರುದ್ರಸ್ವಾಮಿ.